ಶಾರ್ಕ್ ರೆಕ್ಕೆಯ ರಫ್ತು ನಿಂತಿದ್ದರೂ ಶಾರ್ಕ್‌ಗಳು ಕಡಿಮೆಯಾಗುತ್ತಿರುವುದೇಕೆ?

ರಾಜಾಜಿನಗರದ ಓದುಗ ಕೇಳಿದ್ದು:

ಕಳೆದ ಭಾನುವಾರ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಮೀನು ತರಲು ಹೋಗಿದ್ದೆ. ಒಂದು ಅಂಗಡಿಯಲ್ಲಿ ಮೊಳದುದ್ದದ ಐದಾರು ಶಾರ್ಕ್‌ಗಳನ್ನು ಐಸಿನ ಮೇಲೆ ಸಾಲಾಗಿ ಇಟ್ಟಿದ್ದರು. ಜತೆಯಲ್ಲಿದ್ದ ನನ್ನ ಮಗಳು ಒಂಬತ್ತನೆಯ ತರಗತಿಯವಳು. ಸೂಪಿಗೆ ಬಳಸುವ ರೆಕ್ಕೆಗಾಗಿಯೇ ಶಾರ್ಕ್‌ಗಳನ್ನು ಕೊಲ್ಲುತ್ತಾರೆಂದು ಎಲ್ಲೋ ಓದಿದ್ದಳು. ಆದರೆ ನಮ್ಮ ಕಣ್ಣೆದುರೇ ಅಂಗಡಿಯವರು ರೆಕ್ಕೆಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಮಾಂಸವನ್ನಷ್ಟೇ ತೂಗಿ ಕೊಡುತ್ತಿದ್ದರು. ಅಷ್ಟು ಬೆಲೆಬಾಳುವ ರೆಕ್ಕೆಯನ್ನು ಹೀಗೆ ಎಸೆಯುವುದೇಕೆ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸೂಪಿನಲ್ಲಿ ತಿನ್ನುವುದು ರೆಕ್ಕೆಯ ಮೃದ್ವಸ್ಥಿಯನ್ನೇ? ನಮ್ಮ ದೇಶದಿಂದ ರೆಕ್ಕೆಯ ರಫ್ತು ನಿಷೇಧವಾಗಿದ್ದರೆ ಶಾರ್ಕ್‌ಗಳು ಉಳಿಯಬೇಕಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಜಯನಗರದ ನಿವೃತ್ತ ಉಪನ್ಯಾಸಕ:

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕನ್ನು ಕೊಯ್ದು ನೋಡುವುದು ಪ್ರಯೋಗಾಲಯದ ಪಾಠವಾಗಿತ್ತು. ಫಾರ್ಮಲಿನ್ ವಾಸನೆ ಎರಡು ದಿನ ಕೈಬಿಡುತ್ತಿರಲಿಲ್ಲ. ಅದರ ನೆನಪಿನಿಂದಲೇ ಉತ್ತರಿಸುತ್ತೇನೆ.

ಸ್ಕೋಲಿಯೋಡಾನಿನ ಬೆನ್ನಿನ ಮೇಲೆ ಎರಡು ರೆಕ್ಕೆ, ಎದೆಯ ಬಳಿ ಒಂದು ಜೋಡಿ, ಸೊಂಟದ ಬಳಿ ಇನ್ನೊಂದು ಜೋಡಿ, ಗುದದ ಹಿಂದೆ ಒಂದು, ಕೊನೆಗೆ ಬಾಲದ ರೆಕ್ಕೆ. ಬಂಗುಡೆಯಂತಹ ಮೂಳೆಮೀನು ತನ್ನ ರೆಕ್ಕೆಯನ್ನು ಬೀಸಣಿಗೆಯಂತೆ ಮಡಚಿ ಬಿಡಿಸಬಲ್ಲದು. ಶಾರ್ಕಿನ ರೆಕ್ಕೆ ಮಡಚುವುದಿಲ್ಲ, ಸದಾ ಸೆಟೆದೇ ಇರುತ್ತದೆ. ಮೂಳೆಮೀನಿಗೆ ಇರುವ ಗಾಳಿಚೀಲವೂ ಶಾರ್ಕಿಗಿಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ದೇಹವನ್ನು ಒಂದಿಷ್ಟು ಹಗುರಗೊಳಿಸುತ್ತದೆ. ಈಜುವಾಗ ಮೇಲಕ್ಕೆತ್ತುವುದಕ್ಕೂ ದಿಕ್ಕು ಬದಲಿಸುವುದಕ್ಕೂ ಎದೆರೆಕ್ಕೆಗಳು ಬೇಕು. ಬೆನ್ನುರೆಕ್ಕೆ ದೇಹ ಹೊರಳದಂತೆ ತಡೆಯುತ್ತದೆ. ಆದ್ದರಿಂದ ರೆಕ್ಕೆ ಕತ್ತರಿಸಿ ಜೀವಂತವಾಗಿ ಸಮುದ್ರಕ್ಕೆಸೆದ ಶಾರ್ಕ್ ಈಜಲಾರದೆ ಮುಳುಗುತ್ತದೆ. ಈಜುತ್ತಿದ್ದರೆ ಮಾತ್ರ ಕಿವಿರುಗಳಿಗೆ ಸಾಕಷ್ಟು ನೀರು ಹರಿಯುವ ಜಾತಿಗಳಾದರೆ ಉಸಿರುಗಟ್ಟಿ ಸಾಯುತ್ತವೆ. ಬುಡಸಮೇತ ಕತ್ತರಿಸಿದ ರೆಕ್ಕೆ ಮತ್ತೆ ಬೆಳೆಯುವುದಿಲ್ಲ.

ಸೂಪಿಗೆ ಹೋಗುವುದು ಮೃದ್ವಸ್ಥಿಯಲ್ಲ. ರೆಕ್ಕೆಯ ಬುಡದಲ್ಲಿ ಮೃದ್ವಸ್ಥಿಯ ತುಂಡುಗಳಿವೆ, ನಿಜ. ಅವುಗಳಿಂದಾಚೆಗೆ ಅಂಚಿನವರೆಗೂ, ಚರ್ಮದ ಎರಡು ಪದರಗಳ ನಡುವೆ, ಪ್ರೋಟೀನಿನ ಸಣ್ಣ ಎಳೆಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಒಣಗಿಸಿದ ರೆಕ್ಕೆಯನ್ನು ನೆನೆಸಿ, ಬೇಯಿಸಿ, ಮರಳುಕಾಗದದಂತಹ ಚರ್ಮವನ್ನು ಕೆರೆದು, ಬುಡದ ಮೃದ್ವಸ್ಥಿಯನ್ನು ತೆಗೆದುಬಿಟ್ಟರೆ ಉಳಿಯುವುದು ನಸುಹಳದಿ ಬಣ್ಣದ, ಬೆಳಕು ಹಾಯುವ ಎಳೆಗಳು. ನೋಡಲು ನಮ್ಮ ಶ್ಯಾವಿಗೆಯೇ. ಅವುಗಳಿಗೆ ಸ್ವಂತ ರುಚಿಯೆಂಬುದು ಇಲ್ಲವೆಂದೇ ಹೇಳಬೇಕು, ರುಚಿಯೆಲ್ಲ ಕೋಳಿ ಮತ್ತಿತರ ಮಾಂಸದ ಸಾರಿನದು. ಬಾಲದ ರೆಕ್ಕೆಯಲ್ಲಿ ವ್ಯಾಪಾರಿಗಳಿಗೆ ಬೇಕಾದದ್ದು ಕೆಳಹಾಳೆ ಮಾತ್ರ, ಏಕೆಂದರೆ ಬೆನ್ನೆಲುಬು ಮೇಲಿನ ಹಾಳೆಯೊಳಗೆ ಸಾಗಿಹೋಗಿರುವುದರಿಂದ ಅಲ್ಲಿ ಎಳೆಗಳು ಕಡಿಮೆ. ಮೊಳದುದ್ದದ ಶಾರ್ಕಿನಲ್ಲಿ ಎಳೆಗಳು ಕೂದಲಿನಷ್ಟು ತೆಳು. ನಿಮ್ಮ ಮಗಳು ಕಂಡ ಕಸದ ಬುಟ್ಟಿಗೆ ಅದೇ ಕಾರಣವಿರಬೇಕು.

ಕುಂದಾಪುರದವಳು, ಈಗ ವಿಜಯನಗರ:

ಸರ್ ಅವರ ವಿವರಣೆಗೆ ಕರಾವಳಿಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಶಾರ್ಕಿಗೆ ತಾಟೆ ಎನ್ನುತ್ತೇವೆ. ಬಾಣಂತಿಗೆ ಹಾಲು ಹೆಚ್ಚುತ್ತದೆಂಬ ನಂಬಿಕೆಯಿಂದ ನನ್ನ ಅಜ್ಜಿ, ಮನೆಯಲ್ಲಿ ಹೆರಿಗೆಯಾದಾಗಲೆಲ್ಲ ಸಣ್ಣ ತಾಟೆಯನ್ನೇ ಹುಡುಕಿ ತರಿಸುತ್ತಿದ್ದರು. ಅಂದರೆ ನಮಗೆ ತಾಟೆಯೆಂದರೆ ಮೊದಲಿನಿಂದಲೂ ಮಾಂಸವೇ. ರೆಕ್ಕೆ ಕತ್ತರಿಸಿಕೊಂಡು ದೇಹವನ್ನು ಕಡಲಿಗೆಸೆಯುವ ಪದ್ಧತಿ ದೂರದ ಸಾಗರಗಳಲ್ಲಿ ತಿಂಗಳುಗಟ್ಟಲೆ ಟ್ಯೂನ ಹಿಡಿಯುವ ಹಡಗುಗಳ ಲೆಕ್ಕಾಚಾರ. ಅಲ್ಲಿ ಐಸಿನ ಜಾಗಕ್ಕೆ ಬೆಲೆಯಿದೆ, ಶಾರ್ಕ್ ಮಾಂಸಕ್ಕಿಲ್ಲ. ಇಲ್ಲಿ ಇಡೀ ಮೀನನ್ನೇ ದಡಕ್ಕೆ ತರುತ್ತಾರೆ.

ಮಲ್ಪೆ, ಗಂಗೊಳ್ಳಿಯ ಟ್ರಾಲ್ ಬೋಟುಗಳು ತಾಟೆಗೆಂದು ಬಲೆ ಬಿಡುವುದಿಲ್ಲ, ಸಿಗಡಿಗೋ ಬೊಂಡಾಸಿಗೋ (ಸ್ಕ್ವಿಡ್) ಬಿಡುತ್ತವೆ. ಆದರೆ ಅನೇಕ ಜಾತಿಯ ತಾಟೆಗಳು ಮರಿ ಹಾಕುವುದು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಬಲೆ ಎಳೆಯುವುದೂ ಅಲ್ಲೇ. ಜೂನ್ ಮತ್ತು ಜುಲೈ ಎರಡು ತಿಂಗಳು ನಮ್ಮ ರಾಜ್ಯದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆಯಿದ್ದರೂ ತಾಟೆಗೆ ಅದರಿಂದ ಆಗುವ ಲಾಭ ಸ್ವಲ್ಪವೇ. ಬಂಗುಡೆ ಸಾವಿರ ಸಾವಿರ ಮೊಟ್ಟೆಯಿಡುತ್ತದೆ, ಒಂದು ಒಳ್ಳೆಯ ಮಳೆಗಾಲ ಸಿಕ್ಕರೆ ಮತ್ತೆ ತುಂಬಿಕೊಳ್ಳುತ್ತದೆ. ದೊಡ್ಡ ತಾಟೆಗಳಲ್ಲಿ ಹಲವು ಪ್ರಾಯಕ್ಕೆ ಬರುವುದಕ್ಕೇ ಹತ್ತು ವರ್ಷ ದಾಟುತ್ತದೆ, ತಿಂಗಳುಗಟ್ಟಲೆ ಹೊತ್ತು ಹೆರುವುದು ಬೆರಳೆಣಿಕೆಯ ಮರಿಗಳನ್ನು.

ರಾಜಾಜಿನಗರದ ಓದುಗ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ರಫ್ತು ನಿಷೇಧದಿಂದ ಪ್ರಯೋಜನವೇ ಆಗಲಿಲ್ಲವೇ?

ಮಲ್ಲೇಶ್ವರದ ವಕೀಲ:

ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ, ಆದರೆ ಆ ನಿಯಮಗಳ ಗುರಿ ಬೇರೆ. 2013ರ ಆಗಸ್ಟಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ರೆಕ್ಕೆ ದೇಹಕ್ಕೆ ಅಂಟಿಕೊಂಡಿರುವಂತೆಯೇ ಶಾರ್ಕನ್ನು ದಡಕ್ಕೆ ತರಬೇಕೆಂಬ ನೀತಿ ತಂದಿತು. 2015ರ ಫೆಬ್ರವರಿಯಲ್ಲಿ ಎಲ್ಲ ಜಾತಿಯ ಶಾರ್ಕ್ ರೆಕ್ಕೆಗಳ ರಫ್ತು ನಿಂತಿತು. ಕಳ್ಳಸಾಗಣೆ ನಿಂತಿತೆನ್ನಲು ಬಾರದು, 2018ರಲ್ಲಿ ಮುಂಬೈ ಮತ್ತು ಗುಜರಾತಿನಲ್ಲಿ ಟನ್ನುಗಟ್ಟಲೆ ರೆಕ್ಕೆ ಸಿಕ್ಕಿಬಿದ್ದಿತ್ತು. ತಿಮಿಂಗಿಲ ಶಾರ್ಕಿನಂತಹ ಕೆಲವು ಜಾತಿಗಳನ್ನು 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಗಿದ್ದು, ಅವುಗಳನ್ನು ಹಿಡಿಯುವುದೇ ಅಪರಾಧ. ಈ ಎಲ್ಲ ಕ್ರಮಗಳಿಂದ ರೆಕ್ಕೆಯ ವ್ಯಾಪಾರಕ್ಕೆ ಕಡಿವಾಣ ಬಿದ್ದಿತೇ ಹೊರತು, ಸಂರಕ್ಷಿತವಲ್ಲದ ಜಾತಿಗಳನ್ನು ಹಿಡಿದು ದೇಶದೊಳಗೆ ಮಾಂಸಕ್ಕಾಗಿ ಮಾರುವುದಕ್ಕಲ್ಲ.

ಜಗತ್ತಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ರೆಕ್ಕೆ ಕತ್ತರಿಸುವುದರ ವಿರುದ್ಧದ ಕಾನೂನುಗಳು ಹಲವು ಪಟ್ಟು ಹೆಚ್ಚಿದ ಅವಧಿಯಲ್ಲೇ, ಅಂದರೆ 2012ರಿಂದ 2019ರ ನಡುವೆ, ಮೀನುಗಾರಿಕೆಯಿಂದ ವರ್ಷಕ್ಕೆ ಸಾಯುವ ಶಾರ್ಕ್‌ಗಳ ಸಂಖ್ಯೆ ಸುಮಾರು 7.6 ಕೋಟಿಯಿಂದ 8 ಕೋಟಿಗೆ ಏರಿತೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇಡೀ ಮೀನನ್ನು ದಡಕ್ಕೆ ತರಲೇಬೇಕೆಂದಾಗ ಅದರ ಮಾಂಸಕ್ಕೂ ಮಾರುಕಟ್ಟೆ ಹುಟ್ಟಿಕೊಂಡಿತು. ನನ್ನ ಅಭಿಪ್ರಾಯದಲ್ಲಿ, ರೆಕ್ಕೆಯ ಚಿತ್ರ ಮನಸ್ಸಿಗೆ ಬೇಗ ನಾಟುವುದರಿಂದ ಬಲೆಯ ವಿಷಯ ಹಿಂದೆ ಬಿದ್ದಿದೆ.

ಕುಂದಾಪುರದವಳು, ಈಗ ವಿಜಯನಗರ:

ವಕೀಲರ ಮಾತು ಸರಿ. ಆದರೆ ಮಗಳಿಗೆ ಹೇಳುವಾಗ ಸಣ್ಣದೆಲ್ಲ ಮರಿಯೆಂದು ಹೇಳಬೇಡಿ. ಸರ್ ಹೇಳಿದ ಸ್ಕೋಲಿಯೋಡಾನ್ ಮೊಳದುದ್ದ ಇರುವಾಗಲೇ ಪ್ರಾಯಕ್ಕೆ ಬಂದಿರುತ್ತದೆ, ಅದರ ಮೂತಿ ಸನಿಕೆಯಂತೆ ಚಪ್ಪಟೆ. ಅದೇ ಉದ್ದದ ಸುತ್ತಿಗೆತಲೆಯ ತಾಟೆಯಾದರೆ ಆಗತಾನೇ ಹುಟ್ಟಿದ ಮರಿ. ಮೀನನ್ನು ಅಂಗಾತ ಮಾಡಿ ಎದೆರೆಕ್ಕೆಗಳ ನಡುವೆ ನೋಡಿ. ಹೊಸದಾಗಿ ಹುಟ್ಟಿದ್ದರೆ ಅಲ್ಲಿ ಹೊಕ್ಕುಳಿನ ಗಾಯ ಇನ್ನೂ ಸೀಳಿನಂತೆ ತೆರೆದಿರುತ್ತದೆ.

ರಾಜಾಜಿನಗರದ ಓದುಗ:

ಈ ದಿನ ಮಗಳೊಂದಿಗೆ ಮತ್ತೆ ಹೋಗಿದ್ದೆ. ಇದ್ದ ನಾಲ್ಕರಲ್ಲಿ ಮೂರಕ್ಕೆ ಚಪ್ಪಟೆ ಮೂತಿಯಿತ್ತು. ನಾಲ್ಕನೆಯದಕ್ಕೆ ಸುತ್ತಿಗೆಯ ತಲೆ. ಅಂಗಡಿಯವರು ಅದನ್ನು ಅಂಗಾತ ಮಾಡಿ ತೋರಿಸಿದಾಗ, ನೀವು ಹೇಳಿದ ಜಾಗದಲ್ಲಿ ಅಕ್ಕಿಕಾಳಿನಷ್ಟುದ್ದದ ಸೀಳು ಇನ್ನೂ ಮುಚ್ಚಿರಲಿಲ್ಲ.