ಉಪಗ್ರಹ ಚಿತ್ರದ ಕೆಂಪು ಮೋಡ ನೋಡಿ ಭತ್ತದ ಕಟಾವು ನಿಲ್ಲಿಸಬಹುದಾ? ಅನುಭವ ಇದ್ದವರು ಹೇಳಿ

ಮಲೇಬೆನ್ನೂರು ಗದ್ದೆ:
ಬೇಸಿಗೆ ಭತ್ತ ಕಟಾವಿಗೆ ಬಂದಿದೆ. ಮಷಿನ್ನಿಗೆ ಗಂಟೆಗೆ 2,800 ಕೇಳುತ್ತಿದ್ದಾರೆ, ಮುಂಗಡ ಬೇರೆ. ಮಧ್ಯಾಹ್ನದ ಮೇಲೆ ಇನ್ಸಾಟ್ ಉಪಗ್ರಹದ ಇನ್‌ಫ್ರಾರೆಡ್ ಚಿತ್ರ (ಮೋಡದ ತಲೆ ಎಷ್ಟು ತಣ್ಣಗಿದೆ ಅಂತ ಬಣ್ಣದಲ್ಲಿ ತೋರಿಸುವಂಥದ್ದು) ತೆಗೆದರೆ ಜಗಳೂರು ಕಡೆ ಮೈನಸ್ 60 ಡಿಗ್ರಿಯ ಕೆಂಪು ಮೋಡ ಕಾಣುತ್ತದೆ. ಒಂದು ದಿನ ಸುರಿಯುತ್ತದೆ, ಇನ್ನೊಂದು ದಿನ ಹನಿಯೂ ಇಲ್ಲ. ಎಷ್ಟು ಡಿಗ್ರಿಗೆ ಇಳಿದರೆ ಗುಡುಗು ಮಳೆ ಗ್ಯಾರಂಟಿ? ಚಿತ್ರ ನೋಡಿ ನಿರ್ಧಾರ ಮಾಡಿದವರು ಯಾರಾದರೂ ಇದ್ದೀರಾ?

ಹರಿಹರ ಇಟ್ಟಿಗೆ:
ಡಿಗ್ರಿ ನಂಬಿ ಕೂತರೆ ಏನಾಗುತ್ತೆ ಅಂತ ನನ್ನನ್ನು ಕೇಳಿ. ಹೋದ ವರ್ಷ ಭರಣಿ ಮಳೆ ಹೊತ್ತು. 45 ಸಾವಿರ ಹಸಿ ಇಟ್ಟಿಗೆ ಒಣಗಲು ಬಿಟ್ಟಿತ್ತು. ಇಟ್ಟಿಗೆ ಕೊಯ್ದ ಕೂಲಿ ಸಾವಿರಕ್ಕೆ 1,100, ಅಂದರೆ ಕೂಲಿಯೇ 49,500. ಮಣ್ಣಿನ ದುಡ್ಡು, ಟ್ರ್ಯಾಕ್ಟರ್ ಡೀಸೆಲ್ ಬೇರೆ. ಮೂರು ಗಂಟೆಯ ಚಿತ್ರದಲ್ಲಿ ಮೋಡ ಮೈನಸ್ 35, ತಿಳಿ ಬೂದು ಬಣ್ಣ. ಇದೇನೂ ಮಾಡಲ್ಲ ಅಂದ ನನ್ನ ಭಾವಮೈದುನ. ಮುಂದಿನ ಚಿತ್ರ ಫೋನಿಗೆ ಬರುವಷ್ಟರಲ್ಲಿ ಅದೇ ಮೋಡ ಮೈನಸ್ 62! ಅಷ್ಟೊತ್ತಿಗೆ ಇಲ್ಲಿ ಗಾಳಿ ಎದ್ದು ತಾಡಪಾಲು ಹರಿದು ಹೊಳೆ ಕಡೆ ಹಾರಿತ್ತು. ಮೇಲಿನ ವರಸೆ ಕರಗಿ ಕೆಳಗಿನದಕ್ಕೆ ಮೆತ್ತಿಕೊಂಡಿತು. ಸನಿಕೆ ಹಿಡಿದು ಕೆರೆಯಲು ಮತ್ತೆ ಆಳು, ಒಬ್ಬರಿಗೆ 600. ಹೊಸ ತಾಡಪಾಲು 14 ಸಾವಿರ. ಭಾವಮೈದುನ ಈಗಲೂ ಚಿತ್ರ ನೋಡಿ ಸಲಹೆ ಕೊಡುತ್ತಾನೆ. ದುಡ್ಡು ಮಾತ್ರ ನಂದು.

ದುರ್ಗದ ಮೇಷ್ಟ್ರು:
ಇಟ್ಟಿಗೆಯವರೇ, ನೀವು ನೋಡಿದ್ದೇ ಮುಖ್ಯ ಲಕ್ಷಣ. ಡಿಗ್ರಿಗಿಂತ ಅದು ಇಳಿಯುವ ವೇಗ ನೋಡಬೇಕು. ಮೋಡದ ತಲೆ 15 ನಿಮಿಷಕ್ಕೆ 8 ಡಿಗ್ರಿ ತಣ್ಣಗಾದರೆ ಅದು ಜೋರಾಗಿ ಮೇಲೇಳುತ್ತಿದೆ ಅಂತ ಅರ್ಥ. ನಿಮ್ಮದು ಅರ್ಧ ಗಂಟೆಗೆ 27 ಇಳಿದಿದೆ. ಒಂದೊಂದು ಇನ್ಸಾಟ್ ಉಪಗ್ರಹ ಚಿತ್ರ ತೆಗೆಯೋದು ಅರ್ಧ ಗಂಟೆಗೊಮ್ಮೆ. ಎರಡು ಉಪಗ್ರಹ ಸೇರಿಸಿ ನೋಡಿದರೆ ಕಾಲು ಗಂಟೆಗೊಮ್ಮೆ ಸಿಗುತ್ತದೆ. ಅದು ಫೋನಿಗೆ ಬರುವಷ್ಟರಲ್ಲಿ ಹಳಸಿರುತ್ತದೆ ಅನ್ನೋದು ಬೇರೆ ಮಾತು.

ನನ್ನ ವಿಷಯ ಹೇಳುತ್ತೇನೆ. ಮಗಳ ಆರತಕ್ಷತೆ ಬಯಲಲ್ಲಿ ಇಟ್ಟಿದ್ದೆವು. ನಾಲ್ಕು ಗಂಟೆ ಚಿತ್ರದಲ್ಲಿ ಸುತ್ತ ಹರಡಿದ ಮೋಡ ಮೈನಸ್ 68, ನಡುವೆ ಒಂದು ಚುಕ್ಕಿ ಮಾತ್ರ ಮೈನಸ್ 76. ಹಾಗೆ ನಡುವೆ ತಣ್ಣನೆ ಚುಕ್ಕಿ ಕಂಡರೆ ಒಳಗಿನ ಗಾಳಿ ಎಷ್ಟು ಬಲವಾಗಿದೆ ಅಂದರೆ, ಮೋಡ ಅಡ್ಡಡ್ಡ ಹರಡುವ ಎತ್ತರವನ್ನೂ ದಾಟಿ ತಲೆ ಎತ್ತಿದೆ ಅಂತ. ಚಿತ್ರದ ಒಂದು ಪಿಕ್ಸೆಲ್, ಅಂದರೆ ಒಂದು ಚೌಕ, 4 ಕಿಲೋಮೀಟರ್. ಅಷ್ಟಗಲದ ಸರಾಸರಿಯೇ 76 ಅಂದರೆ ನಿಜವಾದ ತುದಿ ಇನ್ನೂ ತಣ್ಣಗಿರುತ್ತದೆ. ತಕ್ಷಣ ಕಲ್ಯಾಣ ಮಂಟಪಕ್ಕೆ ಸಾಗಿಸಿದೆ. ಹೆಚ್ಚುವರಿ ಖರ್ಚು: ಮಂಟಪ 40,000, ಕುರ್ಚಿ ಸಾಗಿಸಿದ್ದಕ್ಕೆ 9,000, ಹೂವಿನವನಿಗೆ ಮತ್ತೆ 16,000. ಮಳೆ ಹೊಡೆದಿದ್ದು ಭರಮಸಾಗರದಲ್ಲಿ. ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾಳೆ ಅದೇ ಚಿತ್ರ ಕಂಡರೂ ನಾನು ಅದನ್ನೇ ಮಾಡುತ್ತೇನೆ.

ಹೊಸದುರ್ಗ ದಾಳಿಂಬೆ:
65 ಸಾವಿರ, 49 ಸಾವಿರಕ್ಕೆ ಇಷ್ಟುದ್ದ ಪುರಾಣ! ನಾನು ಆಲಿಕಲ್ಲಿಗೆ ಹೆದರಿ ಎಕರೆಗೆ 2 ಲಕ್ಷ 60 ಸಾವಿರದಂತೆ ನೆಟ್ ಹಾಕಿಸಿದೆ. ಕಂಬ, ತಂತಿ, ಕೂಲಿ ಎಲ್ಲ ಸೇರಿ. ಸೊಸೈಟಿ ಸಾಲ ಸಾಲದೆ ಹೆಂಡತಿ ಸರ ಅಡ ಇಟ್ಟೆ. ಆಲಿಕಲ್ಲು ಬಿದ್ದು ಕಾಯಿಗೆ ಗಾಯವಾದರೆ ಅಲ್ಲಿಂದಲೇ ದುಂಡಾಣು ರೋಗ ಹತ್ತುತ್ತದೆ. ಆಮೇಲೆ ಔಷಧಿ ಹೊಡೆದೂ ಹೊಡೆದೂ ಸಾಕಾಗಿ ಹೋಗುತ್ತದೆ, ಕೊನೆಗೆ ಜ್ಯೂಸ್ ರೇಟಿಗೆ ಕೊಡಬೇಕು. ಮೈನಸ್ 70 ಇರಲಿ 80 ಇರಲಿ, ಒಳಗೆ ಕಲ್ಲಿದೆಯೋ ನೀರಿದೆಯೋ ಈ ಚಿತ್ರ ಹೇಳಲ್ಲ. ಅದು ನೋಡೋದು ಮೋಡದ ನೆತ್ತಿ ಮಾತ್ರ. ನೆಟ್ ಹಾಕಿ, ಸುಮ್ನೆ ಮಲಗಿ.

ಹರಿಹರ ಇಟ್ಟಿಗೆ:
ಭತ್ತದ ಗದ್ದೆಗೆ ನೆಟ್ ಹಾಕಬೇಕಾ ಸ್ವಾಮಿ? ನಿಮಗೆ ಸಹಾಯಧನ ಸಿಗುತ್ತೆ. ನಮ್ಮ ಇಟ್ಟಿಗೆ ಕರಗಿದರೆ ಯಾವ ಇಲಾಖೆಯವರು ಬಂದು ನೋಡಿದ್ದಾರೆ?

ಹೊಸದುರ್ಗ ದಾಳಿಂಬೆ:
ಸಹಾಯಧನ ಬಂದರೆ ನಿಮ್ಮನ್ನೂ ಊಟಕ್ಕೆ ಕರೆಯುತ್ತೇನೆ. ಅರ್ಜಿ ಇನ್ನೂ ಮೇಜಿನ ಮೇಲೇ ಇದೆ.

ಚನ್ನಗಿರಿ ಅಡಿಕೆ:
ಯಾರೂ ಕೇಳದ ಪ್ರಶ್ನೆ: ಅದು ಯಾವ ಉಪಗ್ರಹದ ಚಿತ್ರ? ಬೇಯಿಸಿದ ಅಡಿಕೆ ಅಂಗಳದಲ್ಲಿತ್ತು. ದುಡ್ಡು ಕೊಟ್ಟು ಹಾಕಿಸಿಕೊಂಡ ಒಂದು ಆ್ಯಪ್‌ನಲ್ಲಿ ಮೋಡ ಸೂಳೆಕೆರೆ ದಾಟಿ ಪೂರ್ವಕ್ಕೆ ಹೋದಂತೆ ಕಂಡಿತು. ಮಳೆ ಸುರಿದಿದ್ದು ನಮ್ಮ ಅಂಗಳಕ್ಕೇ. ಬಣ್ಣ ಕೆಟ್ಟು ಕ್ವಿಂಟಲ್ಲಿಗೆ 3,000 ಕಡಿಮೆಗೆ ಹೋಯಿತು. ಆಮೇಲೆ ತಿಳಿಯಿತು, ಆ ಆ್ಯಪ್ ತೋರಿಸೋದು ಯುರೋಪಿನ ಮೆಟಿಯೊಸ್ಯಾಟ್ ಚಿತ್ರ. ಅದು 45.5 ಡಿಗ್ರಿ ರೇಖಾಂಶದ ಮೇಲಿದೆ, ನಾವು 76ರ ಹತ್ತಿರ. ಓರೆಯಾಗಿ ನೋಡುವುದರಿಂದ 15 ಕಿಲೋಮೀಟರ್ ಎತ್ತರದ ಮೋಡ ನಕ್ಷೆಯಲ್ಲಿ ಹತ್ತು ಕಿಲೋಮೀಟರಿಗಿಂತ ಜಾಸ್ತಿ ಪೂರ್ವಕ್ಕೆ ಸರಿದು ಕಾಣುತ್ತದೆ. ಜಪಾನಿನ ಹಿಮವಾರಿಯಲ್ಲಿ ಪಶ್ಚಿಮಕ್ಕೆ, ಇನ್ನೂ ಜಾಸ್ತಿ. 74 ಡಿಗ್ರಿಯ ಇನ್ಸಾಟ್ 3ಡಿಆರ್ ನಮ್ಮ ನೆತ್ತಿಗೆ ಹತ್ತಿರ. ಅದರಲ್ಲೂ ಸ್ವಲ್ಪ ಉತ್ತರಕ್ಕೆ ಸರಿದಿರುತ್ತದೆ.

ಚಳ್ಳಕೆರೆ ಕುರಿ:
ಡಿಗ್ರಿ, ರೇಖಾಂಶ ಎಲ್ಲ ಮನೆಯಲ್ಲಿ ಕೂತವರಿಗೆ. ನಮ್ಮಣ್ಣನ ಕುರಿಗಳು ಹುಣಸೆ ಮರದ ಕೆಳಗೆ ಸಿಡಿಲಿಗೆ ಸತ್ತವು. ಪರಿಹಾರಕ್ಕೆ ಪಂಚನಾಮೆ, ಫೋಟೋ, ಪಹಣಿ ಅಂತ ತಿರುಗಿದ್ದಕ್ಕೇ ಬಸ್ ಚಾರ್ಜು, ಜೆರಾಕ್ಸ್ ಸೇರಿ 4,000 ಆಯಿತು. ಫೋನಿಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ. ಅದು ಮೋಡವನ್ನಲ್ಲ, ಮಿಂಚನ್ನೇ ಹಿಡಿಯುತ್ತದೆ. 20, 40 ಕಿಲೋಮೀಟರ್ ಒಳಗೆ ಮಿಂಚಿದರೆ ತೋರಿಸುತ್ತದೆ.

ಮಲೇಬೆನ್ನೂರು ಗದ್ದೆ:
ಎಲ್ಲರಿಗೂ ಧನ್ಯವಾದ. ಮಷಿನ್ ನಾಳೆ ಬೆಳಗ್ಗೆ ಬರುತ್ತೆ ಅಂತಿದ್ದಾನೆ. ಬಾ ಅನ್ನಲಾ, ಬೇಡ ಅನ್ನಲಾ?

ಜಗಳೂರು ಮೆಕ್ಕೆಜೋಳ:
ನಮ್ಮೂರ ಮೇಲೆ ಸಂಜೆಯೆಲ್ಲ ಕೆಂಪು ಬಣ್ಣ ಇರುತ್ತೆ, ಮಳೆ ಮಾತ್ರ ಇಲ್ಲ. ಕಾರಣ ಗುಡ್ಡದ ಮೇಲಿನ ಗಾಳಿಯಂತ್ರ. ಬಂದ ಮೋಡವನ್ನು ಬೀಸಿ ಓಡಿಸುತ್ತವೆ. ಇದನ್ನು ಯಾವ ಮೇಷ್ಟ್ರೂ ಬರೆಯಲ್ಲ.

ದುರ್ಗದ ಮೇಷ್ಟ್ರು:
ಬರೆಯುತ್ತೇನೆ ತಗೊಳ್ಳಿ. ರೆಕ್ಕೆಯ ತುದಿ ನೆಲದಿಂದ ಸುಮಾರು ಇನ್ನೂರು ಮೀಟರ್. ಈ ಮೋಡದ ತಲೆ 15 ಕಿಲೋಮೀಟರ್ ಮೇಲೆ. ಯಾವ ರೆಕ್ಕೆ ಅಲ್ಲಿವರೆಗೆ ಬೀಸುತ್ತೆ? ನಿಮಗೆ ಕಾಣುವ ಕೆಂಪು, ಬೇರೆಲ್ಲೋ ಸುರಿದು ಮುಗಿದ ಮೋಡದ ಮೇಲ್ಭಾಗ ಹರಡಿಕೊಂಡಿದ್ದು. ಕೆಳಗಿನ ಮಳೆ ನಿಂತರೂ ಅದು ಗಂಟೆಗಟ್ಟಲೆ ತಣ್ಣಗೇ ಇರುತ್ತದೆ. ಅದಕ್ಕೇ ಬರೀ ಬಣ್ಣ ನೋಡಬೇಡಿ ಅಂದಿದ್ದು. ಇನ್ನೊಂದು ಕಡೆ ಆಗುಂಬೆ ನೋಡಿ. ಆಷಾಢದಲ್ಲಿ ಮೋಡ ಅಷ್ಟೇನೂ ಎತ್ತರಕ್ಕೆ ಹೋಗದೆಯೂ ದಿನವಿಡೀ ಸುರಿಯುತ್ತದೆ.

ಜಗಳೂರು ಮೆಕ್ಕೆಜೋಳ:
ಆಗುಂಬೆಯಲ್ಲಿ ಗಾಳಿಯಂತ್ರ ಇದೆಯಾ ಮೇಷ್ಟ್ರೇ? ಇಲ್ಲ ಅಲ್ವಾ! ಅದಕ್ಕೇ ಸುರಿಯುತ್ತೆ.

ಹೊಸದುರ್ಗ ದಾಳಿಂಬೆ:
ಅದಿರಲಿ, ನಿಮ್ಮ ಕಡೆ ಗಾಳಿಯಂತ್ರಕ್ಕೆ ಜಮೀನು ಕೊಟ್ಟವರಿಗೆ ಎಕರೆಗೆ ಎಷ್ಟು ಕೊಟ್ಟರು? ನಮ್ಮ ಕಡೆ ಏಜೆಂಟು ಬಾಯಿ ಬಿಡುತ್ತಿಲ್ಲ.

ಜಗಳೂರು ಮೆಕ್ಕೆಜೋಳ:
ಅದನ್ನು ಇಲ್ಲಿ ಬರೆಯೋಕಾಗಲ್ಲ. ಬೇರೆ ಕಡೆ ಮೆಸೇಜ್ ಹಾಕಿ. ರಸ್ತೆಗೆ ಬಿಟ್ಟ ಜಾಗದ ದುಡ್ಡು ಮಾತ್ರ ಮೊದಲೇ ಇಸ್ಕೊಳ್ಳಿ.