ಪ್ಲೆನ್ ಏರ್, ಬಾರ್ಜ್, ಲಾಕ್: ಮೂರಕ್ಕೂ ಕನ್ನಡ ಬೇಕು, ಬ್ಯಾನರ್ ನಾಳೆ ಪ್ರಿಂಟಿಗೆ

ಜಯನಗರದಿಂದ:

ಎಲ್ಲರಿಗೂ ನಮಸ್ಕಾರ. ತುಂಬಾ ಅವಸರದಲ್ಲಿದ್ದೀನಿ, ದಯವಿಟ್ಟು ಇವತ್ತೇ ಉತ್ತರ ಕೊಡಿ. ನಾವು ಹನ್ನೊಂದು ಜನ, ಹೆಚ್ಚಿನವರು ರಿಟೈರ್ ಆದ ಡ್ರಾಯಿಂಗ್ ಟೀಚರ್‌ಗಳು, ಜೂನಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಗೆ ಹೋಗಿ ಆರು ದಿನ ಒಂದು ಬಾರ್ಜಿನಲ್ಲೇ, ಅಂದ್ರೆ ಸರಕು ಹೊರೋ ಥರದ ದೊಡ್ಡ ದೋಣಿಯಲ್ಲೇ ಉಳ್ಕೊಂಡು, ದಿನಾ ದಡಕ್ಕಿಳಿದು, ಪ್ಲೆನ್ ಏರ್ ಅಂತಾರಲ್ಲ ಹಾಗೆ, ಹೊರಗೆ ದೃಶ್ಯದ ಎದುರಿಗೇ ಕೂತು ಪೇಂಟ್ ಮಾಡ್ಕೊಂಡು ಬಂದ್ವಿ. ಈಗ ಆ ಚಿತ್ರಗಳ ಪ್ರದರ್ಶನ. ಬ್ಯಾನರ್ ಕನ್ನಡದಲ್ಲೇ ಇರ್ಬೇಕು ಅಂತ ಹಟ ಹಿಡಿದವಳು ನಾನೇ. ಅನುವಾದಕ್ಕೆ ಕೊಟ್ಟಿದ್ದು ವಾಪಸ್ ಬಂದಿದ್ದು ಹೀಗೆ: "ನದಿ ಸರಕು ದೋಣಿಯ ಮೂಲಕ ತೆರೆದ ಗಾಳಿ ಚಿತ್ರಕಲಾ ರಜಾದಿನ". ಇದನ್ನ ಬಾಗಿಲ ಮೇಲೆ ಹಾಕೋಕೆ ನನ್ನ ಕೈಲಾಗಲ್ಲ.

ಮೊದಲನೇದು, ನಾವು ಹೋಗಿದ್ದು ನದಿ ಮೇಲಲ್ಲ, ಕಾಲುವೆ ಮೇಲೆ. ಬರ್ಗಂಡಿ ಕಾಲುವೆ 242 ಕಿ.ಮೀ. ಉದ್ದ, ಯೋನ್ ನದಿಯಿಂದ ಹೊರಟು ಸೋನ್ ನದಿ ಸೇರುತ್ತೆ, ಪೂರ್ತಿ ಆಗಿದ್ದು 1832ರಲ್ಲಿ. ನಾವು ನೋಡಿದ್ದು ಅದರ ಒಂದು ತುಂಡು, ವಾಂದ್‌ನೆಸ್ ಅನ್ನೋ ಹಳ್ಳಿಯಿಂದ ಊಶ್ ಹೊಳೆ ಕಣಿವೆ ಹಿಡಿದು ದಿಜಾಂ ಪಟ್ಟಣದ ಕಡೆಗೆ. ಇನ್ನೊಂದು, ಈ ಕಾಲುವೆ ಬೆಟ್ಟ ಹತ್ತಿ ಇಳಿಯುತ್ತೆ, ಅದಕ್ಕೆ 189 ಲಾಕ್‌ಗಳಿವೆ, ದೋಣಿನ ನೀರಿನ ಜೊತೆ ಎತ್ತಿ ಇಳಿಸೋ ಗೇಟಿನ ತೊಟ್ಟಿಗಳು. ನನ್ನ ಒಂದು ಚಿತ್ರ ಲಾಕಿನೊಳಗೆ ಕೂತು ಮಾಡಿದ್ದು, ಅದರ ಚೀಟಿಯಲ್ಲಿ ಅನುವಾದಕರು "ಬೀಗ" ಅಂತ ಬರೆದಿದ್ದಾರೆ! ಪ್ಲೆನ್ ಏರ್, ಬಾರ್ಜ್, ಲಾಕ್, ಈ ಮೂರಕ್ಕೆ ಜನ ಓದಿದ ಕೂಡಲೇ ಗೊತ್ತಾಗೋ ಪದ ಕೊಡಿ. ನಾಳೆ ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡ್ಬೇಕು.

ಮರು: ಮೈಸೂರಿನಿಂದ

ಬಯಲುಚಿತ್ರ. ಬಯಲಾಟ, ಬಯಲುರಂಗಮಂದಿರ ಇರೋ ಭಾಷೆಯಲ್ಲಿ ಇದಕ್ಕೆ ಚರ್ಚೆನೇ ಬೇಡ. ಬಾರ್ಜಿಗೆ ಪಡವು. ಲಾಕಿಗೆ ತೂಬು. ಮುಗೀತು.

ಮರು: ರಾಜಾಜಿನಗರದಿಂದ

ಮುಗೀಲಿಲ್ಲ ಸರ್. ಹಳ್ಳಿ ಕಡೆ "ಬಯಲಿಗೆ ಹೋದ" ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು. "ಬಯಲಾಯ್ತು" ಅಂದ್ರೆ ಗುಟ್ಟು ರಟ್ಟಾಯ್ತು ಅಂತ. ಬಯಲುಚಿತ್ರ ಅಂತ ಬ್ಯಾನರ್ ಹಾಕಿದ್ರೆ ಯಾವುದೋ ಹಗರಣ ಬಯಲಿಗೆಳೆದಿದ್ದಾರೆ ಅಂದ್ಕೊಳ್ಳಲ್ವಾ ಜನ? ಹೊರಾಂಗಣ ಚಿತ್ರಕಲೆ ಅನ್ನಿ ಮೇಡಂ, ಗೌರವವಾಗಿದೆ, ಪೇಪರಿನವರೂ ಬಳಸ್ತಾರೆ. ತೂಬು ಅನ್ನೋದಂತೂ ಪೂರ್ತಿ ತಪ್ಪು. ತೂಬಲ್ಲಿ ಕೆರೆ ನೀರು ಹೊರಗೆ ಹೋಗುತ್ತೆ, ದೋಣಿ ಹೋಗಲ್ಲ.

ಮರು: ಮೈಸೂರಿನಿಂದ

ಹೊರಾಂಗಣ ಅರಿಸಮಾಸ. ಅದೂ ಕಬಡ್ಡಿ, ವಾಲಿಬಾಲ್ ವರದಿಗೆ ಹುಟ್ಟಿದ ಪದ. ಚಿತ್ರಕಾರರನ್ನ ಕ್ರೀಡಾಂಗಣಕ್ಕೆ ಕಳಿಸ್ಬೇಡಿ.

ತೂಬಿನ ವಿಷಯಕ್ಕೆ ಬರ್ತೀನಿ. ಫ್ರೆಂಚರು ಲಾಕಿಗೆ ಎಕ್ಲೂಝ್ ಅಂತಾರೆ. ಲ್ಯಾಟಿನ್ನಿನ ಎಕ್ಸ್‌ಕ್ಲೂಸಾ, ತಡೆದು ಹೊರಗಿಟ್ಟ ನೀರು ಅನ್ನೋ ಅರ್ಥದ್ದು. ಇಂಗ್ಲಿಷಿನ ಸ್ಲೂಸ್ ಕೂಡ ಅದೇ ಬೇರಿಂದ ಬಂದಿದ್ದು, ಸ್ಲೂಸ್ ಅಂದ್ರೆ ನಮ್ಮ ತೂಬೇ ತಾನೆ? ಅವರ ಭಾಷೆಯಲ್ಲೇ ಎರಡೂ ಒಂದೇ ಬೇರಿನವು, ನಾವ್ಯಾಕೆ ಬೇರೆ ಮಾಡ್ಬೇಕು.

ಮರು: ರಾಜಾಜಿನಗರದಿಂದ

ಹೊರಾಂಗಣ ಅರಿಸಮಾಸ ಆದ್ರೆ ಬಯಲುಚಿತ್ರ ಏನು? ಬಯಲು ಕನ್ನಡ, ಚಿತ್ರ ಸಂಸ್ಕೃತ. ಮೊದಲು ನಿಮ್ಮದನ್ನ ನೋಡ್ಕೊಳ್ಳಿ.

ಮರು: ಕುಂದಾಪುರದಿಂದ

ಪಡವು ಅಂದ್ರೆ ಎಂತ ಅಂತ ಕಂಡವರು ಹೇಳ್ಬೇಕು ಮಾರಾಯ್ರೆ, ನಿಘಂಟು ನೋಡಿ ಹೇಳಿದ್ರೆ ಆಗೂದಿಲ್ಲ. ನಮ್ಮಲ್ಲಿ ಹೆಂಚಿನ ಕಾರ್ಖಾನೆಗೆ ಮಣ್ಣು ಬರ್ತಿದ್ದದ್ದು ಪಡವಿನಲ್ಲಿ, ಹೆಂಚು ಹೋಗ್ತಿದ್ದದ್ದೂ ಅದರಲ್ಲೇ. ನಮ್ಮ ಅಜ್ಜ ಬಿದಿರಿನ ಗಳ ಹೊಳೆಯ ತಳಕ್ಕೆ ಊರಿ, ಅದನ್ನ ಭುಜಕ್ಕೆ ಒತ್ತಿ ಹಿಡ್ಕೊಂಡು ಪಡವಿನ ಅಂಚಿನ ಮೇಲೆ ಮುಂದಿಂದ ಹಿಂದಿಗೆ ನಡೀತಿದ್ರು, ಪಡವು ಮುಂದೆ ಹೋಗ್ತಿತ್ತು. ಅವರ ಬಲಭುಜದಲ್ಲಿ ಒಂದು ಗಟ್ಟಿ ಗಂಟು ಇತ್ತು, ಗಳ ಒತ್ತಿ ಒತ್ತಿ ಆದದ್ದು, ಮಕ್ಕಳು ನಾವು ಮುಟ್ಟಿ ನೋಡ್ತಿದ್ವು. ಸಮುದ್ರಕ್ಕೆ ಹೋಗುವ ದೊಡ್ಡದು ಬೇರೆ, ಅದು ಮಂಜಿ, ಮಂಗಳೂರಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವಂಥದ್ದು. ಪಡವು ಹೊಳೆಯದ್ದು, ಭಾರ ಹೊರೂದು ಅದರ ಕೆಲಸ.

ಮೇಡಂ, ನಿಮ್ಮ ಬಾರ್ಜ್ ಮೊದಲು ಎಂತ ಹೊರ್ತಿತ್ತು? ಅದು ಗೊತ್ತಾದ್ರೆ ಪಡವು ಹೌದಾ ಅಲ್ದಾ ಹೇಳ್ಬಹುದು.

ಮರು: ಜಯನಗರದಿಂದ

ಅಯ್ಯೋ, ಇದೇ ಥರ ಉತ್ತರ ಬೇಕಿತ್ತು ನನಗೆ, ತುಂಬಾ ಥ್ಯಾಂಕ್ಸ್. ಇವು ಹುಟ್ಟಿದ್ದೇ ಸರಕಿಗೆ. ಧಾನ್ಯ, ಮರಳು, ಕಲ್ಲಿದ್ದಲು ಹೊರ್ತಿದ್ದವು, ಮೋಟಾರ್ ಬರೋ ಮೊದಲು ಕುದುರೆಗಳೋ ಮನುಷ್ಯರೋ ದಡದ ಮೇಲೆ ಹಗ್ಗ ಹಿಡಿದು ಎಳೀತಿದ್ರು, ಆ ಎಳೆಯೋ ದಾರಿ ಇವತ್ತಿಗೂ ಕಾಲುವೆ ಪಕ್ಕದಲ್ಲೇ ಇದೆ, ನಾವು ಸ್ಟೂಲ್ ಹಾಕ್ಕೊಂಡು ಕೂರ್ತಿದ್ದಿದ್ದು ಅದರ ಮೇಲೇ. 1879ರಲ್ಲಿ ಫ್ರೆಸಿನೇ ಅನ್ನೋ ಮಂತ್ರಿ ಲಾಕಿನ ಅಳತೆ ಗೊತ್ತು ಮಾಡಿದ್ರು, 39 ಮೀಟರ್ ಉದ್ದ, 5.20 ಮೀಟರ್ ಅಗಲ. ಆ ಅಳತೆಗೆ ಕಟ್ಟಿದ ಬಾರ್ಜಿನ ಅಗಲ 5.05. ಎರಡೂ ಕಡೆ ಸೇರಿಸಿದ್ರೆ ಒಂದು ಗೇಣೂ ಉಳಿಯಲ್ಲ! ನಮ್ಮದೂ ಆ ಅಳತೆಯದ್ದೇ. ಲಾಕಿನೊಳಗೆ ಹೋಗುವಾಗ ಗೋಡೆಯ ಪಾಚಿ ಕೈಗೆ ಸಿಕ್ಕುತ್ತೆ, ನಡೆಸೋರು ಉಸಿರು ಬಿಗಿ ಹಿಡಿದಿರ್ತಾರೆ.

ಲಾಕಿನ ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತೂಬು ಅಂದ್ರೆ ನನಗೂ ಸಮಾಧಾನ ಇಲ್ಲ. ಹಿಂದೊಂದು ಬಾಗಿಲು ಮುಂದೊಂದು ಬಾಗಿಲು, ನಡುವೆ ಕಲ್ಲಿನ ತೊಟ್ಟಿ. ಒಳಗೆ ಹೋದ್ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲ ಕಿಂಡಿ ತೆಗೀತಾರೆ, ನೀರು ಇಳಿಯುತ್ತೆ, ನೀರಿನ ಜೊತೆ ನಾವೂ. ನಾನು ಲಾಕ್ ಕಾಯೋರ ಮನೆ, ಅದರ ಕಿಟಕಿಯ ಕೆಂಪು ಜೆರೇನಿಯಂ, ಹಿಂದೆ ಗುಡ್ಡದ ಮೇಲೆ ಶಾತೊನೆಫ್ ಕೋಟೆ, ಇಷ್ಟನ್ನ ಬಾರ್ಜ್ ಮೇಲೆ ಕೂತು ವಾಟರ್‌ಕಲರಲ್ಲಿ ಶುರು ಮಾಡಿದ್ದೆ. ಆಕಾಶಕ್ಕೆ ಬಳಿದ ತೆಳು ಬಣ್ಣ ಇನ್ನೂ ಒದ್ದೆ ಇತ್ತು. ತಲೆ ಎತ್ತಿ ನೋಡ್ತೀನಿ, ಕೋಟೆ ಇಲ್ಲ. ಮತ್ತೆ ನೋಡ್ತೀನಿ, ಮನೆನೂ ಇಲ್ಲ, ಹೂವಿನ ಕುಂಡದ ತಳ ಮಾತ್ರ ಕಾಣ್ತಿದೆ. ಕಣ್ಣೆದುರು ಬರೀ ನೀರು ಸುರಿಯೋ ಕಪ್ಪು ಕಲ್ಲಿನ ಗೋಡೆ, ಆಳೆತ್ತರಕ್ಕೂ ಮೇಲೆ. ಕೋಟೆ ಅರ್ಧಕ್ಕೇ ಬಿಟ್ಟು ಆ ಗೋಡೆನೇ ಕೆಳಗಡೆ ಬರೆದೆ. ಆ ಚಿತ್ರಕ್ಕೆ ಚೀಟಿ ಬೇಕಾಗಿರೋದು. ಅದನ್ನ ಬೀಗ ಅಂತ ಕರೆದ್ರೆ ಹೊಟ್ಟೆ ಉರಿಯುತ್ತೆ.

ಮರು: ಶಿವಮೊಗ್ಗದಿಂದ

ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಹಳಗನ್ನಡದ ಪಕಾರ ಹಕಾರ ಆಗಿ ಪಡಗು ಹಡಗಾಯ್ತು, ಪಾಲು ಹಾಲಾದ ಹಾಗೇ. ತಮಿಳಲ್ಲಿ ಪಡಗು, ಪಡವು ಎರಡೂ ಇವೆ. ಕರಾವಳಿಯಲ್ಲಿ ಪಕಾರ ಉಳ್ಕೊಂಡಿದೆ ಅಷ್ಟೇ. ಪಡವು ಬೇರೆ ಹಡಗು ಬೇರೆ ಅನ್ನೋದು ಬಳಕೆಯಲ್ಲಿ ಆದ ಭೇದ, ಬೇರಿನಲ್ಲಿ ಇಲ್ಲ. ಹಾಗಾಗಿ ಹಡಗು ಅಂದ್ರೂ ಸರಿನೇ. ಹೊರೆಹಡಗು ಅಂತ ಮಾಡಬಹುದು, ಪೂರ್ತಿ ಅಚ್ಚಗನ್ನಡ.

ಮರು: ಕುಂದಾಪುರದಿಂದ

ಬೇರು ನಿಮ್ಗೆ ಇರ್ಲಿ. ಹೊಳೆಯಲ್ಲಿ ಹಡಗು ಹೋಯ್ತು ಅಂದ್ರೆ ನಮ್ಮೂರಲ್ಲಿ ಮಕ್ಕಳೂ ಒಪ್ಪೂದಿಲ್ಲ.

ಮರು: ಧಾರವಾಡದಿಂದ

ಅಲ್ರೀ, ಪಡವು ಅಂದ್ರ ನಮ್ಮ ಕಡೆ ಯಾರಿಗೂ ತಿಳಿಯೂದಿಲ್ಲ. ಬಾರ್ಜ್ ಅಂತನ ಬರೀರಿ, ಏನ ಆಕ್ಕೈತಿ? ಶರಾವತಿ ಹಿನ್ನೀರಿನ್ಯಾಗ ಸಿಗಂದೂರಿಗೆ ಹೋಗೂ ಮಂದಿ ಸೇತುವೆ ಆಗೂತನಕ ಲಾಂಚ್‌ನ್ಯಾಗ ಹೋಗ್ತಿದ್ರು. ಬಸ್ಸು, ಕಾರು, ಎಮ್ಮಿ ಎಲ್ಲಾ ಹೊತ್ಕೊಂಡು ಹೋಗೂ ಚಪ್ಪಟಿ ಹಡಗಕ್ಕ ಲಾಂಚ್ ಅಂತನ ಅಂದ್ರು, ಕನ್ನಡೇನು ಸತ್ತಹೋತೇನು?

ಸ್ವಚ್ಛ ಭಾಷಾ ಅನ್ನೋರಿಗೆ ಒಂದ ಮಾತು. ಈ ಬಾರ್ಜಿಗೆ ಫ್ರೆಂಚ್ ಮಂದಿ ಪೆನೀಶ್ ಅಂತಾರ. ಅದು ಇಂಗ್ಲಿಷಿನ ಪಿನ್ನೆಸ್‌ನಿಂದ ಬಂದದ್ದು, ಆ ಪಿನ್ನೆಸ್ ಮತ್ತ ಫ್ರೆಂಚಿನ ಪಿನಾಸ್‌ನಿಂದ ಹೋದದ್ದು. ತಮ್ಮ ಪದಾನ ಸಾಲಾ ಕೊಟ್ಟು, ಬ್ಯಾರೆಯವರ ಬಾಯಾಗ ರೂಪ ಬದಲಾದಮ್ಯಾಲ ವಾಪಸ್ ಇಸ್ಕೊಂಡಾರ. ಬಾರ್ಜ್ ಅನ್ನೂ ಇಂಗ್ಲಿಷ್ ಪದಾನೂ ಹಳೇ ಫ್ರೆಂಚಿಂದ ಬಂದದ್ದ. ಚಿತ್ರಾ ಇಡೂ ಈಸೆಲ್ ಡಚ್ಚರ ಕತ್ತಿ (ನೀವು ಕತ್ತೆ ಅಂತೀರಲ್ಲ, ಅದು), ಏಜೆಲ್ ಅಂದ್ರ ಅವರಿಗೆ ಕತ್ತಿ. ಫ್ರೆಂಚರು ಅದಕ್ಕ ಶವಾಲೆ ಅಂತಾರ, ಸಣ್ಣ ಕುದರಿ. ಭಾರ ಹೊರೂದಕ್ಕ ಒಬ್ಬರಿಗೆ ಕತ್ತಿ ಕಾಣ್ತು, ಇನ್ನೊಬ್ಬರಿಗೆ ಕುದರಿ ಕಾಣ್ತು. ಹಂಗ ಪದಾ ಹುಟ್ಟತಾವ, ನಿಘಂಟಿನ ಮುಂದ ಕುಂತ್ರ ಹುಟ್ಟೂದಿಲ್ಲ.

ಮರು: ಮೈಸೂರಿನಿಂದ

ಎಲ್ಲರೂ ಕದ್ದಿದ್ದಾರೆ ಅಂತ ನಾವೂ ಕದಿಯೋದೋ? ಬಸ್ಸು ಕಾರು ನಮ್ಮಲ್ಲಿ ಇರಲಿಲ್ಲ, ತಗೊಂಡ್ವಿ, ಸರಿ. ಹೊಳೆಯಲ್ಲಿ ಭಾರ ಹೊರೋ ದೋಣಿ ಇತ್ತು, ಪದನೂ ಇತ್ತು. ಇರೋ ಪದ ಬಿಟ್ಟು ತರೋದು ಸಾಲ ಅಲ್ಲ, ಸೋಮಾರಿತನ. ಧಾರವಾಡದವರಿಗೆ ತಿಳಿಯಲ್ಲ ಅಂದ್ರೆ ಒಂದು ಸಲ ತಿಳ್ಕೊಳ್ಳಲಿ. ಬಾರ್ಜ್ ಅನ್ನೋದೂ ಹುಟ್ಟುವಾಗಲೇ ಗೊತ್ತಿತ್ತಾ ಅವರಿಗೆ?

ಮರು: ದಾವಣಗೆರೆಯಿಂದ

ನಾನು ಚಿತ್ರಕಲೆ ಕಲಿಸೋನು. ಆಗಿನಿಂದ ಓದ್ತಾ ಇದ್ದೀನಿ, ಬಾರ್ಜಿನ ಜಗಳದಲ್ಲಿ ಪ್ಲೆನ್ ಏರ್ ಮರೆತೇಬಿಟ್ರಿ. ಮೇಡಂಗೆ ಮುಖ್ಯವಾಗಿ ಬೇಕಾಗಿರೋದು ಅದು.

ಬಯಲು, ಹೊರಾಂಗಣ ಎರಡೂ ಜಾಗ ಹೇಳುತ್ತೆ. ಪ್ಲೆನ್ ಏರ್ ಬರೀ ಜಾಗ ಅಲ್ಲ, ಕ್ರಮ. ಭೂದೃಶ್ಯ ಅಂದ್ರೆ ಏನನ್ನ ಬರೆದ್ರು ಅಂತ. ಅದನ್ನ ಹೊರಗೆ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು ಬಂದು ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಬರೀಬಹುದು, ಹಿಂದಿನವರು ಹಾಗೇ ಮಾಡ್ತಿದ್ರು. ಯಾಕಂದ್ರೆ ಎಣ್ಣೆಬಣ್ಣ ಹೊತ್ಕೊಂಡು ಹೋಗೋದೇ ಕಷ್ಟ, ಹಂದಿ ಮೂತ್ರಕೋಶದ ಚೀಲದಲ್ಲಿ ಕಟ್ಟಿಡ್ತಿದ್ರು, ಚುಚ್ಚಿ ಬಣ್ಣ ತೆಗೆದ್ಮೇಲೆ ಸರಿಯಾಗಿ ಮುಚ್ಚೋಕಾಗ್ತಿರಲಿಲ್ಲ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ತಗೊಂಡ. ಮುಚ್ಚಳ ತಿರುಗಿಸಿ ಜೇಬಿಗೆ ಹಾಕ್ಕೊಂಡು ಹೊರಡಬಹುದಾಯ್ತು. ಆಮೇಲೆ ಎದುರಿಗೇ ಕೂತು, ಆ ಬೆಳಕಲ್ಲೇ ಶುರು ಮಾಡಿ ಆ ಬೆಳಕಲ್ಲೇ ಮುಗಿಸೋದು ಹೆಚ್ಚಾಯ್ತು.

ಮೇಡಂ ದೋಣಿಯಲ್ಲಿ ಹೋಗಿದ್ದೂ ಹೊಸದಲ್ಲ. ದೋಬಿನ್ಯಿ ಅನ್ನೋ ಫ್ರೆಂಚ್ ಚಿತ್ರಕಾರ 1857ರಲ್ಲಿ ಒಂದು ದೋಣಿನೇ ಸ್ಟುಡಿಯೋ ಮಾಡ್ಕೊಂಡು, ಬೋತಾಂ ಅಂತ ಹೆಸರಿಟ್ಟು, ಸೇನ್ ಮತ್ತೆ ವಾಝ್ ನದಿಗಳಲ್ಲಿ ಓಡಾಡಿ ಬರೆದ. ಆಮೇಲೆ ಚಿತ್ರಕಾರ ಕ್ಲೋದ್ ಮೋನೆ ಅರ್ಜಾಂತೈ ಅನ್ನೋ ಊರಲ್ಲಿ ಅದೇ ದಾರಿ ಹಿಡಿದ, ಅವನು ದೋಣಿಯಲ್ಲಿ ಕೂತು ಬರೀತಿರೋದನ್ನ 1874ರಲ್ಲಿ ಎದುವಾರ್ ಮಾನೆ ಅನ್ನೋ ಇನ್ನೊಬ್ಬ ಚಿತ್ರಕಾರ ಚಿತ್ರ ಬರೆದಿದ್ದಾನೆ. ನಮ್ಮ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ನಿಂತು ಬರೆದದ್ದೂ ಇದೇ ಕ್ರಮ.

ನಮ್ಮ ಹುಡುಗರು ಇದಕ್ಕೆ ಔಟ್‌ಡೋರ್ ಅಂತಾರೆ, "ಸರ್, ನಾಳೆ ಔಟ್‌ಡೋರಾ?" ಅಂತ. ಬ್ಯಾನರಿಗೆ ಅದು ಬೇಡ. ನಾನಾದ್ರೆ "ಕಂಡಲ್ಲೇ ಬರೆದ ಚಿತ್ರಗಳು" ಅಂತ ಹಾಕ್ತೀನಿ.

ಮರು: ಮೈಸೂರಿನಿಂದ

ಅದು ಪದ ಅಲ್ಲ, ವಿವರಣೆ. ಕೇಳಿದ್ದು ಪದ.

ಮರು: ರಾಜಾಜಿನಗರದಿಂದ

ಈ ಒಂದು ಮಾತಿಗೆ ಮೈಸೂರಿನವರ ಜೊತೆ ನಾನೂ ಇದ್ದೀನಿ. ನಾಳೆ ಪಠ್ಯಪುಸ್ತಕದಲ್ಲಿ ಪಾರಿಭಾಷಿಕ ಪದ ಬೇಕಾದ್ರೆ "ಕಂಡಲ್ಲೇ ಬರೆಯುವಿಕೆ" ಅಂತ ಹಾಕ್ತೀರಾ?

ಮರು: ದಾವಣಗೆರೆಯಿಂದ

ಪಠ್ಯಪುಸ್ತಕ ಬಂದಾಗ ನೋಡೋಣ. ನಾಳೆ ಬರೋದು ಪ್ರೆಸ್ಸಿನವರು. ಬೀದಿಯಲ್ಲಿ ಹೋಗೋರು ಓದಿ ಒಳಗೆ ಬರ್ಬೇಕು.

ಮರು: ಜಯನಗರದಿಂದ

ಪ್ರೆಸ್ಸಿನವರು ಒಂದು ದಿನ ಮುಂದಕ್ಕೆ ಹಾಕಿದ್ರು, ಅದಕ್ಕೇ ನಿಮ್ಮ ಮಾತೆಲ್ಲಾ ಪೂರ್ತಿ ಓದೋಕಾಯ್ತು. ಈಗ ಕಳಿಸಿಬಿಟ್ಟೆ:

ಕಂಡಲ್ಲೇ ಬರೆದ ಚಿತ್ರಗಳು
ಬರ್ಗಂಡಿ ಕಾಲುವೆಯಲ್ಲಿ ಆರು ದಿನದ ಪಡವಿನ ಪಯಣ

ಬಯಲುಚಿತ್ರ ಕೆಟ್ಟ ಪದ ಅಲ್ಲ ಸರ್, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನನ್ನ ಅರ್ಧ ಕೋಟೆ ಅರ್ಧ ಗೋಡೆಯ ಚಿತ್ರ ಬಯಲಿನದ್ದಲ್ಲ, ಬಾವಿಯಂಥ ಜಾಗದಲ್ಲಿ ಕೂತು ಬರೆದದ್ದು. ಕಂಡಲ್ಲೇ, ಕಂಡಷ್ಟೇ ಹೊತ್ತಿನಲ್ಲಿ ಬರೆದದ್ದು. ಅದಕ್ಕೆ ದಾವಣಗೆರೆಯವರ ಮಾತು ಒಪ್ಪಿತು. ಪಡವು ಧಾರವಾಡದವರಿಗೆ ತಿಳಿಯದಿದ್ರೆ ಪಕ್ಕದಲ್ಲೇ ಬಾರ್ಜಿನ ದೊಡ್ಡ ಚಿತ್ರ ಇದೆ, ನೋಡಿದ್ರೆ ತಿಳಿಯುತ್ತೆ. ಕುಂದಾಪುರದವರೇ, ನಿಮ್ಮ ಅಜ್ಜನ ಭುಜದ ಗಂಟಿನ ವಿಷಯ ನಮ್ಮ ಹನ್ನೊಂದು ಜನಕ್ಕೂ ಓದಿ ಹೇಳಿದೆ. ಬಾರ್ಜ್ ಎಳೆಯೋರ ದಾರಿ ಬರೆದ ಮೇಡಂ ಒಬ್ಬರಿದ್ದಾರೆ, ತಮ್ಮ ಚಿತ್ರದ ಚೀಟಿಗೆ "ಹಗ್ಗದ ದಾರಿ" ಅಂತ ಅವರೇ ಹೆಸರಿಟ್ಕೊಂಡ್ರು.

ಲಾಕ್ ಮಾತ್ರ ಹಾಗೇ ಉಳ್ಕೊಂಡಿದೆ. ತೂಬು ಅಂದ್ರೆ ನೀರು ಮಾತ್ರ ಇಳಿಯುತ್ತೆ, ನನಗೆ ನೀರಿನ ಜೊತೆ ದೋಣಿನೂ ಜನಾನೂ ಇಳಿಯೋ ಪದ ಬೇಕು. "ಇಳಿತೊಟ್ಟಿ" ಅಂತ ಬರೆದು ನೋಡಿದೆ, ಆದ್ರೆ ಅದೇ ತೊಟ್ಟಿ ವಾಪಸ್ ಬರೋರನ್ನ ಮೇಲಕ್ಕೆ ಎತ್ತುತ್ತೆ ಅಲ್ವಾ, ಅಳಿಸಿಬಿಟ್ಟೆ. ಚೀಟಿಗಳು ನಾನೇ ಕೈಯಲ್ಲಿ ಬರೆಯೋದು, ನಾಡಿದ್ದು ಬೆಳಿಗ್ಗೆ ಹನ್ನೊಂದರ ತನಕ ಟೈಮ್ ಇದೆ. ಮಂಡ್ಯ ಕಡೆಯವರು, ನಾಲೆ ಪಕ್ಕದಲ್ಲಿ ಬೆಳೆದವರು ಇಲ್ಲಿ ಯಾರಾದ್ರೂ ಇದ್ದೀರಾ? ಎರಡು ಗೇಟಿನ ನಡುವಿನ ಜಾಗಕ್ಕೆ ನಿಮ್ಮ ಮನೆ ದೊಡ್ಡವರು ಏನಂತಿದ್ರು ಕೇಳಿ ಹೇಳಿ.