ಅಮ್ಮನ ಕೇರ್‌ಗೆ ವಾರಕ್ಕೆ 94 ಪೌಂಡ್: ಕೌನ್ಸಿಲ್ ಲೆಕ್ಕ ದಾಟಿ ಬಂದವರು ಹೇಳಿ

ಕೇಳಿದ್ದು:
ಇಂಗ್ಲೆಂಡಿನಲ್ಲಿರುವ ಕನ್ನಡದವರಿಗೆ ಒಂದು ಪ್ರಶ್ನೆ. ಅಮ್ಮನಿಗೆ 81. ಅಪ್ಪ ಹೋದಮೇಲೆ ತಮ್ಮ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಂದಾಗ ಮೊದಲ ಆರು ವಾರ ಕೇರರ್‌ಗಳು ಉಚಿತವಾಗಿ ಬಂದರು. ಈಗ ಕೌನ್ಸಿಲ್‌ನಿಂದ (ಇಲ್ಲಿನ ಸ್ಥಳೀಯ ಆಡಳಿತ) ಕಾಗದ: ವಾರಕ್ಕೆ 94 ಪೌಂಡ್ ಕಟ್ಟಿ ಅಂತ. ಬ್ಯಾಂಕಿನಲ್ಲಿ 18,600 ಪೌಂಡ್ ಇದೆ. ಪಿಂಚಣಿ, ಅಟೆಂಡೆನ್ಸ್ ಅಲೋಯನ್ಸ್ (ಆರೈಕೆ ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡುವ ಭತ್ಯೆ) ಬರುತ್ತೆ. ಮೈಸೂರಲ್ಲಿ ಸೋದರಮಾವನ ಜೊತೆ ಜಂಟಿಯಾಗಿ ಒಂದು ಸೈಟಿದೆ, ಅದನ್ನು ಫಾರಂನಲ್ಲಿ ಬರೆದಿಲ್ಲ. ಮನೆ ಮಾರಿಸ್ತಾರಾ? ಬಂಗಾರ ಮೊಮ್ಮಗಳಿಗೆ ಈಗಲೇ ಕೊಟ್ಟುಬಿಡೋದಾ? ನನ್ನ ಸಂಬಳದ ಲೆಕ್ಕವನ್ನೂ ಕೇಳ್ತಾರಾ?

ಹಾಸನದ ಸೊಸೆ:
ಮೊದಲು ಸಮಾಧಾನ ಮಾಡ್ಕೊಳ್ಳಿ. ಕೇರ್ ಮನೆಯಲ್ಲೇ ನಡೆಯುವವರೆಗೆ ಅವರಿರುವ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ನಿಮ್ಮ ಸಂಬಳ ಕೇಳುವ ಹಕ್ಕೂ ಅವರಿಗಿಲ್ಲ. ಊರಲ್ಲಾದರೆ 2007ರ ಕಾಯ್ದೆ ಪ್ರಕಾರ ತಂದೆತಾಯಿಯನ್ನು ನೋಡಿಕೊಳ್ಳೋದು ಮಕ್ಕಳ ಹೊಣೆ, ಇಲ್ಲಿ ಯಾರಿಗೆ ಕೇರ್ ಬೇಕೋ ಅವರ ದುಡ್ಡು ಮಾತ್ರ ನೋಡ್ತಾರೆ. ನಮ್ಮ ಯಜಮಾನರಿಗೆ ಇದು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ.

ಉಳಿತಾಯದ ಲೆಕ್ಕ ಹೀಗೆ. 23,250 ಪೌಂಡಿಗಿಂತ ಜಾಸ್ತಿ ಇದ್ದರೆ ಪೂರ್ತಿ ಖರ್ಚು ನಿಮ್ಮದೇ. 14,250ಕ್ಕಿಂತ ಕಮ್ಮಿ ಇದ್ದರೆ ಅದನ್ನು ಮುಟ್ಟೋದಿಲ್ಲ. ನಡುವೆ ಇದ್ದರೆ 14,250ರ ಮೇಲಿನ ಪ್ರತಿ 250 ಪೌಂಡಿಗೆ ವಾರಕ್ಕೆ ಒಂದು ಪೌಂಡ್ ಆದಾಯ ಇದೆ ಅಂತ ಅಂದ್ಕೊಳ್ತಾರೆ. ನಿಮ್ಮಮ್ಮನಿಗೆ ಮೇಲಿರೋದು 4,350, ಅಂದರೆ 17 ಚಿಲ್ಲರೆ. ಚಿಲ್ಲರೆಗೂ ಒಂದು ಪೌಂಡ್ ಸೇರಿಸಿ 18. (ಯಾವ ಬ್ಯಾಂಕ್ ಇಷ್ಟು ಬಡ್ಡಿ ಕೊಡುತ್ತೋ ದೇವರಿಗೇ ಗೊತ್ತು. ಈ ಮಿತಿಗಳು 2010ರಿಂದ ಒಂದು ಪೌಂಡೂ ಏರಿಲ್ಲ.) ಮಿಕ್ಕಿದ್ದು ಪಿಂಚಣಿ ಮತ್ತು ಅಲೋಯನ್ಸಿನಿಂದ ಬಂದಿರಬೇಕು. ಜೀವನಕ್ಕೆ ಇಷ್ಟು ಅಂತ ಅವರ ಕೈಯಲ್ಲಿ ಉಳಿಸಲೇಬೇಕಾದ ಮೊತ್ತವೊಂದಿದೆ, ಮಿನಿಮಮ್ ಇನ್‌ಕಮ್ ಗ್ಯಾರಂಟಿ ಅಂತಾರೆ. ಅದನ್ನು ಕಳೆದು ಉಳಿದದ್ದನ್ನು ಕೇಳ್ತಾರೆ.

ಈಗ ಮುಖ್ಯ ಮಾತು. ಕಾಗದದ ಜೊತೆ ಲೆಕ್ಕದ ಹಾಳೆ ಬಂದಿರುತ್ತೆ, ಇಲ್ಲದಿದ್ದರೆ ಕೇಳಿ ತರಿಸಿ. ಅದರಲ್ಲಿ ‘ಡಿಸೆಬಿಲಿಟಿ ರಿಲೇಟೆಡ್ ಎಕ್ಸ್‌ಪೆಂಡಿಚರ್’ ಅನ್ನೋ ಸಾಲು ಹುಡುಕಿ. ಕಾಯಿಲೆಯ ಕಾರಣಕ್ಕೇ ಆಗುವ ಹೆಚ್ಚಿನ ಖರ್ಚು ಅದು. ಅಟೆಂಡೆನ್ಸ್ ಅಲೋಯನ್ಸನ್ನು ಆದಾಯಕ್ಕೆ ಸೇರಿಸಿದ ಮೇಲೆ ಈ ಖರ್ಚನ್ನು ಕಳೆಯಲೇಬೇಕು. ನಮ್ಮತ್ತೆಯ ಹಾಳೆಯಲ್ಲಿ ಅಲ್ಲಿ ಸೊನ್ನೆ ಇತ್ತು.

ಯಾಕೆ ಅಂದರೆ ತಪ್ಪು ನಮ್ಮದೇ. ಆಫೀಸಿನವರು ಬರ್ತಾರೆ ಅಂತ ಅತ್ತೆ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ಉಡಿಸಿಕೊಂಡು, ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. ಹೆಚ್ಚಿನ ಖರ್ಚೇನಾದರೂ ಇದೆಯಾ ಅಂದರೆ "ನೋ ನೋ, ಐ ಮ್ಯಾನೇಜ್." ದಿನಕ್ಕೆ ಎರಡು ಸಲ ಹಾಸಿಗೆ ಬಟ್ಟೆ ಒಗೀತಿದ್ದವಳು ನಾನು, ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವರ ಮರ್ಯಾದೆ ಹೇಗೆ ಕಳೆಯಲಿ?

ಆಮೇಲೆ ಹಳೇ ಬಿಸ್ಕತ್ ಡಬ್ಬಿಯೊಂದರಲ್ಲಿ ಎರಡು ತಿಂಗಳು ಬಿಲ್ಲು ಕೂಡಿಹಾಕಿದೆ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕೊಟ್ಟದ್ದು ಸಾಲದೆ ಕೊಂಡ ಪ್ಯಾಡು, ಕೊರಳಿಗೆ ಹಾಕುವ ಅಲಾರ್ಮಿನ ಬಾಡಿಗೆ, ಉಗುರು ತೆಗೆಯಲು ಬರುವವರ ಫೀಸು, ಹೀಟಿಂಗ್ ಹಗಲೂ ರಾತ್ರಿ ಉರಿದ ಕರೆಂಟ್-ಗ್ಯಾಸು, ಹುಲ್ಲು ಕತ್ತರಿಸುವವನಿಗೆ ಕೊಟ್ಟದ್ದು. ಮರುಪರಿಶೀಲನೆ ಕೇಳಿ ಎಲ್ಲದರ ಪ್ರತಿ ಕಳಿಸಿದೆ. ಹುಲ್ಲಿನದ್ದು ಒಪ್ಪಲಿಲ್ಲ, ಉಳಿದದ್ದು ಬಹುಪಾಲು ಒಪ್ಪಿದರು. ವಾರಕ್ಕೆ 27 ಪೌಂಡ್ ಇಳಿಯಿತು. "ನನ್ನ ಬಟ್ಟೆ ಒಗೆದದ್ದಕ್ಕೂ ಸರ್ಕಾರಕ್ಕೆ ಲೆಕ್ಕ ಕೊಟ್ಯಾ?" ಅಂತ ಅತ್ತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಧಾರವಾಡದಿಂದ ಬಂದವ:
ಬಂಗಾರ ಈಗ್ಲೇ ಕೊಟ್ಟುಬಿಡ್ರಿ. ಏಳು ವರ್ಷ ದಾಟಿದ್ರ ಯಾರೂ ಕೇಳಂಗಿಲ್ಲ.

ಶಿವಮೊಗ್ಗ, ಈಗ ಲಂಡನ್ ಹತ್ತಿರ:
ಸಾರ್, ಏಳು ವರ್ಷ ಅನ್ನೋದು ಇನ್‌ಹೆರಿಟೆನ್ಸ್ ಟ್ಯಾಕ್ಸಿನ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆಯ ನಿಯಮ. ಕೇರ್ ಲೆಕ್ಕಕ್ಕೆ ಅಂಥ ಗಡುವೇ ಇಲ್ಲ. ಕೇರ್ ಬೇಕಾಗುತ್ತೆ ಅಂತ ಗೊತ್ತಿದ್ದೂ ಫೀಸು ತಪ್ಪಿಸಲು ಕೊಟ್ಟಿರಿ ಅಂತ ಕೌನ್ಸಿಲ್‌ಗೆ ಅನಿಸಿದರೆ, ಕೊಟ್ಟದ್ದನ್ನೂ ಇನ್ನೂ ಕೈಯಲ್ಲಿದೆ ಅಂತಲೇ ಎಣಿಸ್ತಾರೆ. ಅದೂ ಅಲ್ಲದೆ ಮೈಮೇಲಿನ ಬಳೆ, ಸರ ಸ್ವಂತ ಬಳಕೆಯ ವಸ್ತು, ಅದನ್ನು ಎಣಿಸೋದೇ ಇಲ್ಲ. ಉಳಿತಾಯ ಕಮ್ಮಿ ತೋರಿಸಲು ಈಗ ಹೋಗಿ ಕೊಂಡರೆ ಮಾತ್ರ ತಕರಾರು. ಎಲ್‌ಐಸಿ ಪಾಲಿಸಿ ಇದ್ದರೆ ಅದರ ಸರೆಂಡರ್ ಮೌಲ್ಯವನ್ನೂ ಬಿಟ್ಟುಬಿಡ್ತಾರೆ.

ಸೈಟಿನ ವಿಷಯಕ್ಕೆ ಮಾತ್ರ ನನಗೆ ಭಯ. ಅದನ್ನು ಬರೆಯದೆ ಬಿಟ್ಟದ್ದು ತಪ್ಪು. ಭಾರತದ ಆಸ್ತಿಯೂ ಎಣಿಕೆಗೆ ಬರುತ್ತೆ. ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಭಾರತದಲ್ಲಿ ಇಡುವ ಬ್ಯಾಂಕ್ ಖಾತೆ) ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ತರಬಹುದಾದ್ದರಿಂದ "ದುಡ್ಡು ತರಲು ಆಗಲ್ಲ" ಅನ್ನೋ ವಾದ ನಿಲ್ಲೋದಿಲ್ಲ. ಅಮ್ಮನ ಪಾಲು ಸೇರಿ 23,250 ದಾಟಿದರೆ ಪೂರ್ತಿ ಖರ್ಚು ಮೈಮೇಲೆ ಬೀಳುತ್ತೆ, ನಿಜ. ಆದರೆ ಸೈಟಿನ ಪೂರ್ತಿ ಬೆಲೆ ತೆಗೆದು ಎರಡರಿಂದ ಭಾಗಿಸುವ ಹಾಗಿಲ್ಲ. ಆ ಪಾಲನ್ನು ಮಾತ್ರ ಇನ್ನೊಬ್ಬರು ಎಷ್ಟಕ್ಕೆ ಕೊಳ್ತಾರೆ ಅನ್ನೋದೇ ಬೆಲೆ, ಅದರಲ್ಲೂ ಮಾರಾಟದ ಖರ್ಚಿಗೆ ಅಂತ ಶೇ. 10 ಕಳೀತಾರೆ. ವಿಭಾಗವಾಗದ ಅರ್ಧ ಸೈಟು, ಇನ್ನರ್ಧದ ಮಾಲೀಕ ಮಾರಲು ಒಪ್ಪದವನು ಅಂದ್ಕೊಳ್ಳಿ. ಯಾರು ಕೊಳ್ತಾರೆ ಹೇಳಿ? ನಿಮ್ಮ ಮಾವನಿಂದ ಒಂದು ಕಾಗದ, ಮೈಸೂರಿನ ವ್ಯಾಲ್ಯುಯರ್‌ರಿಂದ ಒಂದು ವರದಿ ತರಿಸಿ, ನೀವೇ ಮುಂದಾಗಿ ತಿಳಿಸಿ. ಅವರೇ ಕಂಡುಹಿಡಿದರೆ ಹಿಂದಿನ ಬಾಕಿ ಸೇರಿಸಿ ಬಿಲ್ ಬರುತ್ತೆ.

ಪುತ್ತೂರಿನವಳು:
ಕೇರ್ ಹೋಮ್ ಅಂತಾದರೆ ಕಥೆ ಬೇರೆ. ಅಲ್ಲಿ ಮನೆಯೂ ಎಣಿಕೆಗೆ ಬರುತ್ತದೆ. ಆದರೆ ಗಂಡನೋ ಹೆಂಡತಿಯೋ, 60 ದಾಟಿದ ಸಂಬಂಧಿಕರೋ ಆ ಮನೆಯಲ್ಲಿ ವಾಸ ಇದ್ದರೆ ಇಲ್ಲ. ನಮ್ಮ ಅಪ್ಪನಿಗೆ ಮರೆವಿನ ಕಾಯಿಲೆ, ಅಮ್ಮ ಮನೆಯಲ್ಲಿದ್ದರು, ಮನೆ ಉಳಿಯಿತು. ಅಪ್ಪನ ಎನ್‌ಎಚ್‌ಎಸ್ ಪಿಂಚಣಿಯಲ್ಲಿ ಅರ್ಧ ಅಮ್ಮನಿಗೆ ಬಿಟ್ಟುಕೊಟ್ಟರು. ಅಪ್ಪನ ಕೈಖರ್ಚಿಗೆ ವಾರಕ್ಕೆ 30 ಪೌಂಡ್ ಚಿಲ್ಲರೆ. ಒಂಟಿಯಾಗಿದ್ದವರಿಗೆ ಮೊದಲ 12 ವಾರ ಮನೆಯನ್ನು ಎಣಿಕೆಗೆ ಹಿಡಿಯುವುದಿಲ್ಲ, ಆಮೇಲೆ ಬದುಕಿರುವಾಗ ಮಾರದೆ ಫೀಸನ್ನು ಸಾಲದ ಹಾಗೆ ಮನೆಯ ಮೇಲೆ ಬರೆಸಿಕೊಳ್ಳುವ ದಾರಿಯೂ ಇದೆ. ಕೇರ್‌ಗೆ ಜೀವಮಾನದಲ್ಲಿ 86,000 ಪೌಂಡಿನ ಮೇಲೆ ಕಟ್ಟಬೇಕಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ ಮಿತಿ ಜಾರಿಗೆ ಬರುವ ಮುಂಚೆಯೇ 2024ರ ಜುಲೈನಲ್ಲಿ ಕೈಬಿಟ್ಟರು. ಕಾಯಿಲೆ ತೀರಾ ಹೆಚ್ಚಾದರೆ ಎನ್‌ಎಚ್‌ಎಸ್‌ನ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಕೇಳಿ, ಅಂದರೆ ಕೇರ್ ಖರ್ಚನ್ನು ಅವರೇ ಹೊರುವುದು. ಅದಕ್ಕೆ ಆಸ್ತಿ, ಆದಾಯ ಯಾವುದನ್ನೂ ನೋಡುವುದಿಲ್ಲ. ಸಿಗುವುದು ಮಾತ್ರ ಕಷ್ಟ, ನಮಗೆ ಎರಡು ಸಲ ಇಲ್ಲ ಅಂದರು.

ಶಿರಸಿ, ಈಗ ಗ್ಲಾಸ್ಗೋ:
ಇವೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡಿನಲ್ಲಿ 65 ದಾಟಿದವರ ಸ್ನಾನ, ಊಟ, ಬಟ್ಟೆ ಹಾಕಿಸೋ ಕೇರ್ 2002ರಿಂದ ಪುಕ್ಕಟೆ. ಅಮ್ಮನನ್ನು ಇಲ್ಲಿಗೆ ಕರ್ಕೊಂಡು ಬನ್ನಿ, ಚಳಿ ಒಂದು ತಡ್ಕೋಬೇಕು.

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಹಾಳೆ ತೆಗೆದು ನೋಡಿದೆ, ಹಾಸನದವರು ಹೇಳಿದ ಸಾಲಿನಲ್ಲಿ ನಮಗೂ ಸೊನ್ನೆಯೇ. ಇವತ್ತಿನಿಂದ ಬಿಲ್ಲು ಎತ್ತಿಡ್ತೀನಿ. ಸೈಟಿನ ವಿಷಯ ಮಾವನಿಗೆ ಫೋನ್ ಮಾಡಿದೆ. ನಾನು ಪಾಲು ಕೇಳೋಕೆ ಮಾಡಿದೆ ಅಂದ್ಕೊಂಡು ಸಿಟ್ಟಾಗಿ ಇಟ್ಟುಬಿಟ್ಟರು. ಭಾನುವಾರ ಅಮ್ಮನ ಕೈಯಲ್ಲೇ ಮಾತಾಡಿಸಬೇಕು.